ಗಂಡಿಗೂ ಹೆಣ್ಣಿಗೂ ಒಪ್ಪುವ ಹೆಸರು

ಜಾನ್ಸಿ ನಾಯಿಮರಿಯನ್ನು ಮನೆಗೆ ತಂದ ಸಂಜೆ ಅವಳ ತಂದೆ ತೋಮಸ್ ಕೇಳಿದ್ದು ಒಂದೇ ಮಾತು.

"ಗಂಡು ತಾನೇ?"

"ಗಂಡೇ ಅಪ್ಪ," ಅಂದುಬಿಟ್ಟಳು.

ಮರಿ ಹೆಣ್ಣಾಗಿತ್ತು.

ತೋಮಸ್ ದೇವರಾಜ ಮೊಹಲ್ಲಾದ ಒಂದು ಬೇಕರಿಯಲ್ಲಿ ಆಯುಸ್ಸಿನ ಮುಕ್ಕಾಲು ಪಾಲು ಬ್ರೆಡ್ಡು ಬೇಯಿಸಿದವರು. ಸಕ್ಕರೆ ಕಾಯಿಲೆ ಮೊದಲು ಅವರ ಬೆರಳುಗಳಿಗೆ ಜೋಮು ಹಿಡಿಸಿತು, ಆಮೇಲೆ ಎರಡೂ ಕಣ್ಣು ತೆಗೆದುಕೊಂಡಿತು. ಹೆಂಡತಿ ಕ್ಯಾಥರೀನ್ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಸಿದ್ಧಾರ್ಥನಗರದ ಬಾಡಿಗೆ ಮನೆಯಲ್ಲಿ ಉಳಿದವರು ಅಪ್ಪ, ಮಗಳು ಇಬ್ಬರೇ. ಜಾನ್ಸಿ ಮದುವೆಯಾಗಿರಲಿಲ್ಲ. ಕಡಕೊಳದ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದಳು. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಪಕ್ಕದ ಮನೆಯ ಸರ್ವಮಂಗಳಾ ಮಧ್ಯಾಹ್ನ ಬಂದು ತೋಮಸ್‌ಗೆ ಊಟ ಬಡಿಸಿ ಹೋಗುತ್ತಿದ್ದರು. ಈಚೆಗೆ ತೋಮಸ್ ರೇಡಿಯೋ ಕೂಡ ಹಾಕದೆ ಗೋಡೆಗೆ ಮುಖ ಮಾಡಿ ಕೂತಿರುತ್ತಾರೆ ಅಂತ ಆಕೆ ಹೇಳಿದಾಗ ಜಾನ್ಸಿಗೆ ನಾಯಿಯ ಯೋಚನೆ ಬಂತು.

ತೋಮಸ್ ಬಹಳ ದಿನ ಒಪ್ಪಲಿಲ್ಲ. ಕೊನೆಗೆ, ತರೋದಾದರೆ ಗಂಡು ಮರೀನೇ ತಾ ಅಂದರು. ಅದಕ್ಕೆ ಕಾರಣವಿತ್ತು, ಅದು ಜಾನ್ಸಿಗೂ ಗೊತ್ತಿತ್ತು. ಅವಳು ಚಿಕ್ಕವಳಿದ್ದಾಗ ಮನೆಯಲ್ಲಿ ಡಾಲಿ ಅನ್ನೋ ನಾಯಿ ಇತ್ತು. ಅದು ಮರಿ ಹಾಕಿದಾಗ ಸಾಕುವುದಕ್ಕೆ ಜಾಗವಿಲ್ಲದೆ, ಮರಿಗಳನ್ನು ಮೈದಾಹಿಟ್ಟಿನ ಚೀಲದಲ್ಲಿ ಹಾಕಿಕೊಂಡು ಹೋಗಿ ಮಾರ್ಕೆಟ್ಟಿನ ಹಿಂದೆ ಬಿಟ್ಟು ಬಂದವರು ತೋಮಸ್ಸೇ. ಡಾಲಿ ಮನೆಯ ಮೂಲೆಮೂಲೆಯನ್ನೂ ಮೂಸಿಕೊಂಡು ಓಡಾಡಿದ್ದನ್ನು ಅವರು ಮರೆತಿರಲಿಲ್ಲ. ಇನ್ನೊಂದು ಸಲ ಆ ಕೆಲಸ ನನ್ನ ಕೈಲಿ ಆಗೋದಿಲ್ಲ ಅನ್ನುತ್ತಿದ್ದರು.

ಕಾರ್ಖಾನೆಯ ಸೆಕ್ಯುರಿಟಿ ಕಾಳಯ್ಯನ ಶೆಡ್ಡಿನಲ್ಲಿ ನಾಯಿ ಮರಿ ಹಾಕಿತ್ತು. ಜಾನ್ಸಿ ಹೋಗಿ ಕೇಳುವಷ್ಟರಲ್ಲಿ ಗಂಡು ಮರಿಗಳನ್ನೆಲ್ಲ ಯಾರು ಯಾರೋ ಒಯ್ದಿದ್ದರು. ಉಳಿದಿದ್ದ ಒಂದೇ ಒಂದು ಮರಿ ಅವಳ ಚಪ್ಪಲಿಯ ಮೇಲೆ ಬಂದು ಮಲಗಿತು. ದೊಡ್ಡದಾದ ಮೇಲೆ ಮರಿ ಹಾಕದ ಹಾಗೆ ಆಪರೇಷನ್ ಮಾಡಿಸಿದರಾಯಿತು, ಅಪ್ಪನಿಗೆ ಏನು ಗೊತ್ತಾಗಬೇಕು ಅಂದುಕೊಂಡಳು. ಹಾಗೆ ಅಂದುಕೊಂಡದ್ದೇ ಆಮೇಲೆ ಅವಳನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಹೆಸರಿಡುವ ಕೆಲಸವನ್ನು ತೋಮಸ್ ತುಂಬ ಆಸೆಯಿಂದ ಹಚ್ಚಿಕೊಂಡರು. ಈಗಿನವರು ನಾಯಿಗೆ ತಿಂಡಿ ತಿನಿಸಿನ ಹೆಸರೆಲ್ಲ ಇಡುತ್ತಾರಂತೆ, ನಮಗೆ ಅದು ಬೇಡ, ಹಳೇ ಕಾಲದ ಹೆಸರೇ ಇರಲಿ, ಕೂಗಿದರೆ ಬೀದಿ ಕೊನೆಗೆ ಕೇಳಬೇಕು ಅಂದರು. ಮೊದಲು ಅವರಿಗೆ ಹೊಳೆದದ್ದು ರಾಜ. ಅದು ಆಗದು ಅನ್ನಿಸಿತು ಜಾನ್ಸಿಗೆ. ಅಪ್ಪ ಗೇಟಿನಲ್ಲಿ ನಿಂತು ಹೆಣ್ಣು ನಾಯಿಯನ್ನು ರಾಜಾ ಅಂತ ಕರೆದರೆ ಯಾರಾದರೂ ನಕ್ಕೇ ನಗುತ್ತಾರೆ, ಯಾಕೆ ನಕ್ಕರು ಅಂತ ಅಪ್ಪ ಕೇಳಿಯೇ ಕೇಳುತ್ತಾರೆ. ಈ ಬೀದಿಯಲ್ಲಿ ಆಗಲೇ ಒಂದು ರಾಜ ಇದೆ ಅಂತ ಇಲ್ಲದ ನಾಯಿಯೊಂದನ್ನು ಹುಟ್ಟಿಸಿದಳು. ಟೈಗರ್ ಅಂದರೆ ಸಣ್ಣ ಮಕ್ಕಳು ಹೆದರುತ್ತಾರೆ ಅಂದಳು. ಟಾಮಿ ಅಂದಾಗ ಮಾತ್ರ ಸುಳ್ಳು ಹೇಳಬೇಕಾಗಲಿಲ್ಲ. ಬೇಕರಿಯಲ್ಲಿ ಎಲ್ಲರೂ ತೋಮಸ್ಸನ್ನೇ ಹಾಗೆ ಕರೆಯುತ್ತಿದ್ದರು. ಅವರು ಬಾಯ್ತುಂಬ ನಕ್ಕರು. ಅವರು ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು.

ಕೊನೆಗೆ ಮುತ್ತು ಅಂತ ಇಡೋಣವಾ ಅಂತ ಅವಳೇ ಕೇಳಿದಳು. ತೋಮಸ್ ಎರಡು ಸಲ ಗಟ್ಟಿಯಾಗಿ ಕೂಗಿ ನೋಡಿದರು. ಮರಿ ಬಾಲ ಅಲ್ಲಾಡಿಸಿತು.

"ಒಳ್ಳೇ ಹೆಸರು ಕಣಮ್ಮ," ಅಂದರು. "ಹಿಂದೆ ಮುತ್ತಯ್ಯ ಅಂತಾನೂ ಇದ್ರು, ಮುತ್ತಮ್ಮ ಅಂತಾನೂ ಇದ್ರು. ಯಾರಿಗಿಟ್ರೂ ಒಪ್ಪುತ್ತೆ."

ಜಾನ್ಸಿ ಪಾತ್ರೆ ತೊಳೆಯುವ ನೆಪದಲ್ಲಿ ಒಳಗೆ ಹೋದಳು.

ಹೆಸರಿಗೆ ಗಂಡು ಹೆಣ್ಣು ಇರಲಿಲ್ಲ, ಆದರೆ ಕರೆಯುವ ಬಾಯಿಗೆ ಇತ್ತು. ತೋಮಸ್ "ಬಾರೋ ಮುತ್ತು, ಎಲ್ಲೋ ಹೋಗಿದ್ದೆ" ಅನ್ನುತ್ತಿದ್ದರು. ಸರ್ವಮಂಗಳಾ ಮೊದಲ ದಿನವೇ "ಬಾರೇ" ಅಂದರು. ಜಾನ್ಸಿ ಅವರನ್ನು ಕಾಂಪೌಂಡಿನ ಹತ್ತಿರ ಕರೆದು ವಿಷಯ ಹೇಳಿ, ದಯವಿಟ್ಟು ಬಾರೋ ಅನ್ನಿ ಅಂತ ಕೇಳಿಕೊಂಡಳು. ಕಣ್ಣಿಲ್ಲದವರ ಹತ್ತಿರ ನನ್ನ ಬಾಯಲ್ಲಿ ಯಾಕಮ್ಮ ಸುಳ್ಳು ಆಡಿಸ್ತೀಯ ಅಂತ ಆಕೆ ಮುಖ ಸಣ್ಣ ಮಾಡಿಕೊಂಡರು. ಆದರೂ ಅವತ್ತಿನಿಂದ ಬಾರೋ ಅಂದರು. ನೋಡನೋಡುತ್ತ ಅಕ್ಕಪಕ್ಕದವರೆಲ್ಲ ಹಾಗೇ ಅನ್ನತೊಡಗಿದರು. ಜಾನ್ಸಿ ಚರ್ಚಿನಲ್ಲಿ ಪಾಪನಿವೇದನೆಗೆ ಹೋದಾಗ ಬೇರೆ ತಪ್ಪುಗಳನ್ನೆಲ್ಲ ಹೇಳಿ ಇದೊಂದನ್ನು ಬಿಟ್ಟು ಬಂದಳು.

ಮುತ್ತು ಬಂದ ಮೇಲೆ ತೋಮಸ್ ಬದಲಾದರು. ಹಗ್ಗ ಹಿಡಿದು ಬೀದಿ ತುದಿಯವರೆಗೆ ನಡೆಯುತ್ತಿದ್ದರು. ನಾಯಿ ಅವರನ್ನು ಎಳೆಯದೆ, ಅವರ ನಡಿಗೆಗೆ ತಕ್ಕ ಹಾಗೆ ಹೋಗುತ್ತಿತ್ತು. ಅದನ್ನು ನೋಡಿದಾಗೆಲ್ಲ ಜಾನ್ಸಿಗೆ ಸಂತೋಷವೂ ಆಗುತ್ತಿತ್ತು, ಹೇಳಿದ ಸುಳ್ಳೂ ನೆನಪಾಗುತ್ತಿತ್ತು.

ನಾಯಿ ಬೆಳೆದ ಮೇಲೆ ಒಂದು ದಿನ ರಜೆ ಹಾಕಿ, ಅಪ್ಪನಿಗೆ ಹೇಳದೆ ಬೆಳಿಗ್ಗೆ ಎಂದಿನಂತೆ ಹೊರಟಳು. ಅವರು ಸ್ನಾನಕ್ಕೆ ಹೋದಾಗ ವಾಪಸು ಬಂದು ಮುತ್ತುವನ್ನು ಆಟೋದಲ್ಲಿ ಪ್ರಾಣಿಗಳ ಆಸ್ಪತ್ರೆಗೆ ಕರೆದೊಯ್ದಳು. ಬೇಗ ಮುಗಿಯುತ್ತದೆ ಅಂದುಕೊಂಡಿದ್ದಳು. ಮುಗಿದಾಗ ಸಂಜೆಯಾಗಿತ್ತು. ಮನೆ ಹತ್ತಿರ ಇಳಿದರೆ, ತೋಮಸ್ ಬರಿಗಾಲಲ್ಲಿ ಗೇಟು ಹಿಡಿದು ನಿಂತು ಕೂಗುತ್ತಿದ್ದರು. ಸ್ವರ ಬಿದ್ದುಹೋಗಿತ್ತು. ನಾಯಿಯ ಹೊಟ್ಟೆಯ ಮೇಲಿನ ಬ್ಯಾಂಡೇಜು ಕೈಗೆ ತಾಗಿದಾಗ ಅವರು ಅಲ್ಲೇ ನೆಲಕ್ಕೆ ಕೂತು ಅದನ್ನು ತಬ್ಬಿಕೊಂಡರು.

ಗೇಟು ದಾಟಿ ಹೋಗಿ ಖಾಲಿ ಸೈಟಿನಲ್ಲಿ ತಗಡು ತಗುಲಿತ್ತಂತೆ, ಯಾರೋ ಫೋನ್ ಮಾಡಿದರು, ಹೊಲಿಗೆ ಹಾಕಿಸಿಕೊಂಡು ಬಂದೆ ಅಂತ ಜಾನ್ಸಿಯ ಬಾಯಿಗೆ ಬಂತು. ಹೇಳಿದಳು.

"ಚಿಲಕ ನಾನು ಹಾಕಿರಲಿಲ್ಲ ಅನ್ಸುತ್ತೆ," ಅಂದರು ತೋಮಸ್.

ಅಲ್ಲ ಅಪ್ಪ ಅನ್ನಬಹುದಾಗಿತ್ತು. ಜಾನ್ಸಿ ನಾಯಿಯನ್ನು ಮೆಲ್ಲಗೆ ಒಳಗೆ ಕರೆದುಕೊಂಡು ಹೋದಳು.

ಆಮೇಲೆ ತೋಮಸ್ ನಡಿಗೆಗೆ ಹೋಗಲಿಲ್ಲ. ನಾಯಿಯ ಪಕ್ಕ ಚಾಪೆ ಹಾಕಿಕೊಂಡು ಮಲಗಿದರು. ತಾವು ಉಣ್ಣುವ ಮೊದಲು ಅದು ಉಂಡಿತಾ ಅಂತ ಕೇಳುತ್ತಿದ್ದರು. ಹೊಲಿಗೆ ಬಿಚ್ಚಿಸಿದ ದಿನ ಮಗಳನ್ನು ಹತ್ತಿರ ಕೂರಿಸಿಕೊಂಡರು.

"ಇದನ್ನ ಯಾರಾದ್ರೂ ಕಣ್ಣಿರೋರಿಗೆ ಕೊಟ್ಬುಡಮ್ಮ. ಆವತ್ತು ಆ ಮರಿಗಳನ್ನ ಬಿಟ್ಟು ಬಂದೆ. ಈಗ ಇದನ್ನೂ ಕೊಂದುಬುಡ್ತಿದ್ದೆ. ನನ್ನ ಕೈಲಿ ಒಂದು ಜೀವ ಇರಬಾರದು."

ಜಾನ್ಸಿ ಎಲ್ಲವನ್ನೂ ಹೇಳಿದಳು. ಕಾಳಯ್ಯನ ಶೆಡ್ಡಿನಿಂದ ಹಿಡಿದು ಆಸ್ಪತ್ರೆಯವರೆಗೆ, ಹೆಸರನ್ನು ತಾನು ಯಾಕೆ ಹಾಗೆ ಆರಿಸಿದೆ ಅನ್ನುವುದನ್ನೂ. ಚಿಲಕ ನೀವು ಹಾಕಿದ್ರಿ, ತೆಗೆದವಳು ನಾನು ಅಂದಳು. ತೋಮಸ್ ಬೈಯಲಿಲ್ಲ. ಸರ್ವಮಂಗಳಮ್ಮನಿಗೆ ಗೊತ್ತಿತ್ತಾ ಅಂತ ಕೇಳಿದರು.

"ಗೊತ್ತಿತ್ತು."

"ಬೀದಿಯವರಿಗೆ?"

"ಅವರಿಗೂ."

"ಹಾಗಾದ್ರೆ ನನಗೊಬ್ಬನಿಗೇ ಕಣ್ಣು ಕಾಣಿಸ್ತಿರಲಿಲ್ಲ," ಅಂದರು.

ಮುತ್ತುವನ್ನು ಯಾರಿಗೂ ಕೊಡಲಿಲ್ಲ. ಹೆಸರನ್ನೂ ಬದಲಿಸಲಿಲ್ಲ. ಸ್ವಲ್ಪ ದಿನದ ಮೇಲೆ ತೋಮಸ್ ಮತ್ತೆ ಹಗ್ಗ ಹಿಡಿದು ಹೊರಟರು. ಆದರೆ ಜಾನ್ಸಿ ಮಾತ್ರೆ ಕೊಟ್ಟರೆ, ಬೆಳಗಿನದ್ದೋ ರಾತ್ರಿಯದ್ದೋ ಅಂತ ಸರ್ವಮಂಗಳಾರನ್ನು ಇನ್ನೊಂದು ಸಲ ಕೇಳತೊಡಗಿದರು. ಅವಳೆದುರಿಗೇ ಕೇಳುತ್ತಿದ್ದರು. ಅದರಲ್ಲಿ ಕೋಪವೇನೂ ಇರಲಿಲ್ಲ. ಅದೇ ಅವಳಿಗೆ ತಡೆಯಲಾಗದೆ ಹೋದದ್ದು. ಪಾದ್ರಿಗಳ ಹತ್ತಿರ ಹೇಳಿಕೊಂಡು ಬಂದರೂ ಭಾರ ಇಳಿಯಲಿಲ್ಲ.

ಮೊನ್ನೆ ಭಾನುವಾರ ಚರ್ಚಿನ ಪೂಜೆಗೆ ಹೊರಡುವಾಗ ತೋಮಸ್ ಬಿಳಿ ಅಂಗಿ ಹಾಕಿಕೊಂಡು, ಇದು ಚೆನ್ನಾಗಿದೆಯಾ ಅಂತ ಅವಳನ್ನೇ ಕೇಳಿದರು. ತಡವಾಗಿತ್ತು, ಆಟೋ ಬಂದು ನಿಂತಿತ್ತು. ಕಾಲರಿನ ಹತ್ತಿರ ಸಾರಿನ ಕಲೆ ಇದೆ ಅಪ್ಪ, ಎದ್ದು ಕಾಣುತ್ತೆ ಅಂದಳು ಜಾನ್ಸಿ. ಅವರು ಬೇರೆ ಯಾರನ್ನೂ ಕೇಳದೆ ಗುಂಡಿ ಬಿಚ್ಚತೊಡಗಿದರು. ಅವಳು ಇಸ್ತ್ರಿ ಮಾಡಿದ ಬೇರೆ ಅಂಗಿ ತರಲು ಒಳಗೆ ಹೋದಳು.