ಮೌಸ್ ಅಲ್ಲಾಡಿಸಿದರೆ ಕೂಗುವ ಬೋರ್ಡು

ಮೌಸ್ ಅಲ್ಲಾಡಿಸಿದರೆ ಸ್ಪೀಕರಿನಲ್ಲಿ ಚಿರ್ ಅನ್ನುತ್ತಿತ್ತು. ಬಿಟ್ಟರೆ ಗುಂಯ್. ಹೊಸ ಮದರ್‌ಬೋರ್ಡು, ನಾನೇ ಕೈಯಾರೆ ಕೂರಿಸಿದ್ದು, ಡಬ್ಬಿಯ ವಾಸನೆಯೂ ಹೋಗಿರಲಿಲ್ಲ. ಅದರೊಳಗೆ ಜೇನುಹುಳ ಹೊಕ್ಕ ಹಾಗೆ ಸದ್ದು. ಆವತ್ತು ಬಂದ ಸಿಟ್ಟು ಈಗ ಬರೆಯುವಾಗಲೂ ಪೂರ್ತಿ ಇಳಿದಿಲ್ಲ.

ಕಂಪ್ಯೂಟರ್ ಅತ್ತಿಗೆಯದು. ಮದುವೆಯಾಗಿ ನಮ್ಮೂರು ಕುಪ್ಪಗಡ್ಡೆಗೆ ಬರುವ ಮೊದಲು ಅವರು ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. ಮಗುವಾದ ಮೇಲೆ ಅದು ಹಾಗೇ ನಿಂತುಹೋಗಿತ್ತು. ಈಗ ಮನೆಯಲ್ಲೇ ಕೂತು ಮಕ್ಕಳ ಕಥೆ ಓದಿ, ರೆಕಾರ್ಡ್ ಮಾಡಿ ಕಳಿಸುವ ಕೆಲಸವೊಂದು ಕೈಗೆ ಬರುವುದರಲ್ಲಿತ್ತು. ಕಳಿಸಿದ ಮೊದಲ ಕಥೆ ವಾಪಸ್ ಬಂತು. ದನಿ ಚೆನ್ನಾಗಿದೆ, ಹಿಂದೆ ಗುಂಯ್ ಅನ್ನುತ್ತಿದೆ, ಶನಿವಾರ ಸಂಜೆ ಐದರೊಳಗೆ ಸರಿಮಾಡಿ ಕಳಿಸಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂತ. ಅದು ಬಂದದ್ದು ಬುಧವಾರ.

ನಾನು ಯಾವ ಕೋರ್ಸನ್ನೂ ಮಾಡಿದವನಲ್ಲ. ವಿಡಿಯೋ ನೋಡಿ, ಊರಿನವರ ಕೆಟ್ಟ ಕಂಪ್ಯೂಟರ್ ಬಿಚ್ಚಿ ಕಲಿತವನು. ಹಳೆಯ ಬೋರ್ಡು ಸತ್ತಾಗ "ರಿಪೇರಿಯವರು ಯಾಕೆ, ನಾನಿಲ್ವಾ" ಅಂದದ್ದೂ ನಾನೇ. ಮೂರು ವಾರ ಕಾದು ಶಿಕಾರಿಪುರದ ಅಂಗಡಿಯಿಂದ ಹೊಸದು ತಂದದ್ದೂ ನಾನೇ.

ಬುಧವಾರ ಇಡೀ ದಿನ ಹುಡುಕಿದೆ. ಪೊರಕೆ ಕಡ್ಡಿಯಿಂದ ಒಂದೊಂದೇ ಫ್ಯಾನ್ ನಿಲ್ಲಿಸಿ ನೋಡಿದೆ, ಸದ್ದು ಹೋಗಲಿಲ್ಲ. ಬೋರ್ಡಿನ ಅಡಿಯಲ್ಲಿ ಸ್ಕ್ರೂ ಎಲ್ಲಾದರೂ ತಾಗಿದೆಯಾ ಅಂತ ಪೂರಾ ಬಿಚ್ಚಿ ಮತ್ತೆ ಕೂರಿಸಿದೆ. ಕೇಬಲ್ ಬದಲಿಸಿದೆ. ಗುಂಯ್ ಅನ್ನುವುದು ಗುಂಯ್ ಅನ್ನುತ್ತಲೇ ಇತ್ತು. ಕೊನೆಗೆ ಅತ್ತಿಗೆಯ ಮೇಲೆ ಹರಿಹಾಯ್ದೆ.

"ಬೋರ್ಡ್ ಸರಿ ಇದೆ ಅತ್ತಿಗೆ. ನಿಮ್ಮ ಮೈಕೇ ಸರಿಯಿಲ್ಲ."

"ಮೈಕ್ ಕಿತ್ತಿಟ್ರೂ ಕೂಗ್ತಾ ಇದೆಯಲ್ಲೋ ಮಾರಾಯ. ನನ್ನ ಬಾಯೇ ಸರಿಯಿಲ್ಲ ಅಂದ್ಬಿಡು ಒಂದ್ಸಲ, ಮುಗೀತು."

ಗುರುವಾರ ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಶಿಕಾರಿಪುರ ಮುಟ್ಟಿದೆ. ಅಂಗಡಿಯವರು ಪ್ಲಗ್ ಹಾಕಿ ಆನ್ ಮಾಡಿದರು. ನಿಶ್ಶಬ್ದ. ಮೌಸ್ ಅಲ್ಲಾಡಿಸಿದೆ. ನಿಶ್ಶಬ್ದ.

"ಎಲ್ಲೈತ್ರೀ ಸೌಂಡು? ನನ್ ಕಿವಿಗಂತೂ ಬೀಳ್ತಿಲ್ಲ."

"ನಮ್ಮನೇಲಿ ಕೂಗುತ್ತೆ ಅಣ್ಣ. ಇಲ್ಲಿ ಯಾಕೋ ಕೂಗ್ತಿಲ್ಲ."

"ಅಂದ್ರೆ ಏನು, ಬೋರ್ಡಿಗೆ ನನ್ ಕಂಡ್ರೆ ಹೆದ್ರಿಕೆನಾ?"

ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ನಕ್ಕರು. ನನ್ನ ಕಿವಿ ಬಿಸಿಯಾಯಿತು. "ಕೆಟ್ಟ ಮಾಲು ಕೊಟ್ಟು ಮೇಲಿಂದ ನಗ್ತೀರಲ್ಲ" ಅಂತ ಕೂಗಿಯೇಬಿಟ್ಟೆ. ಅವರು ಶೆಲ್ಫಿನಿಂದ ಇನ್ನೊಂದು ಡಬ್ಬಿ ತೆಗೆದು ಮುಂದೆ ತಳ್ಳಿದರು.

"ವಿಡಿಯೋ ನೋಡಿ ಎಂಜಿನಿಯರ್ ಆದೋರ ಹಣೆಬರಾನೇ ಇಷ್ಟು. ತಗೊಳ್ರಿ, ಇದನ್ನ ಹಾಕ್ಕೊಂಡ್ ನೋಡ್ರಿ. ಇದೂ ಕೂಗಿದ್ರೆ ಬೋರ್ಡ್ ಬಿಟ್ಟು ನಿಮ್ ಮನೆ ನೋಡ್ಕೊಳ್ರಿ."

ಮನೆ ನೋಡಿಕೋ ಅಂದರೆ? ನಮ್ಮ ಮನೆಯವರೆಗೂ ಹೋದನಲ್ಲ ಮಾತಿನಲ್ಲಿ ಅಂತ ದಾರಿಯುದ್ದಕ್ಕೂ ಹಲ್ಲು ಕಡಿದೆ. ಶುಕ್ರವಾರ ಆ ಬೋರ್ಡು ಜೋಡಿಸಿದೆ. ಅದೂ ಕೂಗಿತು, ಅದೇ ಸ್ವರದಲ್ಲಿ. ಅತ್ತಿಗೆ ಓದಬೇಕಾದ ಕಥೆಯ ಹಾಳೆಗಳನ್ನು ಮಡಚಿ ಕಪಾಟಿನ ಮೇಲಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಶನಿವಾರ ಬೆಳಿಗ್ಗೆ ಅಮ್ಮ ಆಗಷ್ಟೇ ನೆಲ ಒರೆಸಿದ್ದರು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಕುಕ್ಕರುಗಾಲು ಹಾಕಿ ಕೂತು ಹಿಂದಿನ ಕೇಬಲ್ಲಿಗೆ ಕೈ ಚಾಚಿದೆ. ಮೊಣಕೈ ಕಂಪ್ಯೂಟರಿನ ಹಿಂದಿನ ತಗಡಿಗೆ ತಾಗಿತು. ಜುಂ ಅಂದಿತು. ಹೌಹಾರಿ ಹಿಂದೆ ಸರಿದು, ಟೆಸ್ಟರ್ ತಂದು ತಗಡಿಗಿಟ್ಟೆ. ಅದರ ದೀಪ ಮಿಣುಕಿತು.

ಅಮ್ಮ ಬಾಗಿಲಲ್ಲಿ ನಿಂತಿದ್ದರು. "ನಾ ಹೇಳಿರ್ಲಿಲ್ವಾ? ಫ್ರಿಜ್ಜೂ ಹಿಂಗೇ ಜುಂ ಅಂತದೆ ಅಂತ. ನೀ ನಕ್ಕೆ."

ಹೇಳಿದ್ದರು. ಎರಡು ವಾರದ ಹಿಂದೆ. ಮೊಬೈಲಿನಿಂದ ತಲೆ ಎತ್ತದೆ ನಕ್ಕು "ಚಪ್ಪಲಿ ಹಾಕ್ಕೊಂಡ್ ಮುಟ್ಟು" ಅಂದಿದ್ದೆ.

ಸೋರುವ ಕರೆಂಟು ನೆಲಕ್ಕೆ ಇಳಿದುಹೋಗಲು ಪ್ರತಿ ಮನೆಗೂ ಒಂದು ಅರ್ತಿಂಗ್ ಪೈಪು ಇರುತ್ತದೆ. ಅದಿಲ್ಲದಿದ್ದರೆ ಆ ಕರೆಂಟು ತಗಡಿನಲ್ಲೇ ಉಳಿದು ಮುಟ್ಟಿದವರಿಗೆ ಹೊಡೆಯುತ್ತದೆ, ಸ್ಪೀಕರಿನಲ್ಲಿ ಗುಂಯ್ ಅನ್ನುತ್ತದೆ. ನಮ್ಮದು ಅಂಗಳದ ತುಳಸಿಕಟ್ಟೆಯ ಪಕ್ಕ ಇತ್ತು. ಮನೆ ಕಟ್ಟುವಾಗ ಸೊರಬದಿಂದ ಬಂದ ವೈರ್‌ಮನ್ ಬೇಕೆಂದೇ ಅಲ್ಲಿ ಹೂತಿದ್ದ. ತುಳಸಿಗೆ ದಿನಾ ನೀರು ಬೀಳುತ್ತದೆ, ಪೈಪಿನ ಬುಡ ಒಣಗುವುದಿಲ್ಲ ಅಂತ. ಓಡಿಹೋಗಿ ನೋಡಿದೆ. ಕಟ್ಟೆಗೆ ಹೊಸ ಗ್ರಾನೈಟ್ ಬಂದಿತ್ತು. ಪೈಪು ಇರಲಿಲ್ಲ. ಅಪ್ಪ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು.

"ಅಪ್ಪ, ಇಲ್ಲಿದ್ದ ಪೈಪ್ ಎಲ್ಲಿ?"

"ಆ ತುಕ್ಕು ಹಿಡಿದದ್ದಾ? ಕಟ್ಟೆಗೆ ಲಕ್ಷಣ ಇರ್ಲಿಲ್ಲ, ಗಾರೆಯವರ ಹತ್ರ ಕೀಳಿಸ್ದೆ. ನೋಡು, ಮಲ್ಲಿಗೆ ಚಪ್ಪರಕ್ಕೆ ಕಂಬ ಮಾಡಿ ಕೊಟ್ಟಿದೀನಿ."

"ಅದಕ್ಕೆ ವೈರ್ ಇರ್ಲಿಲ್ವಾ?"

"ಇತ್ತು. ಕತ್ತರಿಸಿದ್ರು. ಲೈಟ್ ಉರೀತಾ ಇದೆ, ಫ್ಯಾನ್ ತಿರುಗ್ತಾ ಇದೆ. ಎಂತ ಮುಳುಗಿಹೋಯ್ತು ಈಗ?"

ಹಳೆಯ ಬೋರ್ಡು ಸತ್ತು ಹೊಸದು ಬರುವ ನಡುವಿನ ಆ ಮೂರು ವಾರದಲ್ಲೇ ಕಟ್ಟೆ ಹೊಸದಾಗಿದ್ದು. ಹಳೆಯದರಲ್ಲಿ ಇಲ್ಲದ ಸದ್ದು ಹೊಸದರಲ್ಲಿ ಬಂದದ್ದಕ್ಕೇ ನಾನು ಬೋರ್ಡನ್ನು ದೂರುತ್ತ ಕೂತಿದ್ದೆ. ಚಪ್ಪರದ ಆ ಪೈಪಿಗೆ ಒರಗಿಕೊಂಡೇ ಮೂರು ದಿನ ಫೋನಿನಲ್ಲಿ ವಿಡಿಯೋ ಹುಡುಕಿದ್ದೆ.

"ಅಮ್ಮ ಸಾಯ್ತಿದ್ಲು, ಅದು ಮುಳುಗ್ತಿತ್ತು!" ಅಂತ ಅಂಗಳದಲ್ಲಿ ನಿಂತು ಕಿರುಚಿದೆ. ಅಪ್ಪನ ಎದುರು ಹಾಗೆ ಎಂದೂ ದನಿ ಎತ್ತಿದವನಲ್ಲ. ಅಪ್ಪ ಪೇಪರ್ ಕೆಳಗಿಟ್ಟರು. ಒಳಗೆ ಹೋಗಿ ಮೇನ್ ಸ್ವಿಚ್ ಇಳಿಸಿ, ಹಾರೆ ಹಿಡಿದುಕೊಂಡು ಬಂದರು.

ಪೈಪು ಕಿತ್ತಾಗ ಚಪ್ಪರದ ಒಂದು ಮೂಲೆ ಕುಸಿಯಿತು. ಯಾರೂ ನೋಡಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಸದಾ ಹಸಿಯಾಗಿರುವ ಕಡೆ ಅಗೆದೆವು. ಪೈಪಿನ ತುಕ್ಕು ಕೆರೆದು ಇಳಿಸಿ, ಸುತ್ತ ಬಚ್ಚಲೊಲೆಯ ಇದ್ದಿಲು, ಕಲ್ಲುಪ್ಪು ತುಂಬಿದೆವು. ಕತ್ತರಿಸಿದ ತುದಿ ಹುಡುಕಿ ಹೊಸ ವೈರು ಎಳೆದು ಬಿಗಿದೆ. ಅಮ್ಮ ಎರಡು ಕೊಡ ನೀರು ಸುರಿದರು. ಮೇನ್ ಹಾಕುವಾಗ ನಾಲ್ಕು ಗಂಟೆ ದಾಟಿತ್ತು. ಟೆಸ್ಟರ್ ಇಟ್ಟೆ, ದೀಪ ಹತ್ತಲಿಲ್ಲ. ಮೌಸ್ ಅಲ್ಲಾಡಿಸಿದೆ. ಸ್ಪೀಕರ್ ತೆಪ್ಪಗಿತ್ತು.

ಅತ್ತಿಗೆ ಕಪಾಟಿನ ಮೇಲಿಂದ ಹಾಳೆ ತೆಗೆದುಕೊಂಡು ಬಾಗಿಲು ಹಾಕಿಕೊಂಡರು. ಐದಕ್ಕೆ ಹತ್ತು ನಿಮಿಷ ಇರುವಾಗ ಹೊರಗೆ ಬಂದು "ಕಳ್ಸಿದೆ, ಹೋಯ್ತು" ಅಂದರು. ಮಂಗಳವಾರ ಕೆಲಸ ಕೊಟ್ಟವರು ಇನ್ನೂ ಎರಡು ಕಥೆ ಓದಲು ಕಳಿಸಿದರು. ಅತ್ತಿಗೆ ಅದನ್ನು ಮನೆಯವರಿಗೆಲ್ಲ ಹೇಳಿ, ನನಗೆ ಕೊನೆಗೆ ಹೇಳಿದರು. "ನನ್ನ ಮೈಕ್ ಸರಿಯಾಗಿದೆಯಂತೆ ಕಣೋ."

ಅಂಗಡಿಯವರಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ.

"ತಾಯಿಗೆ ಏನೂ ಆಗಿಲ್ಲಲ್ಲ?" ಅಂದರು ಅಷ್ಟೇ.

ನಕ್ಕಿದ್ದರೆ ಇನ್ನೊಂದು ಜಗಳವಾದರೂ ಆಡಬಹುದಿತ್ತು. ಅಮ್ಮ ಈಗಲೂ ಫ್ರಿಜ್ ತೆಗೆಯುವ ಮುಂಚೆ ಹುಡುಕಿ ಹುಡುಕಿ ಚಪ್ಪಲಿ ಮೆಟ್ಟುತ್ತಾರೆ. ಬೇಡ, ಸರಿಯಾಗಿದೆ ಅಂದರೆ, "ನೀನೇ ಹೇಳಿದ್ಯಲ್ಲ" ಅನ್ನುತ್ತಾರೆ. ಆ ಚಪ್ಪಲಿಯ ಸದ್ದು ಕೇಳಿದಾಗಲೆಲ್ಲ ಮೈ ಉರಿಯುತ್ತದೆ.