ಸೂಜಿ ನಿಂತ ಪುಟಗಳು

ಅಚ್ಚಿನ ಮನೆಯಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ ಮೂರನೆಯ ವಾರದಲ್ಲೇ ಅವನು ಸತ್ತವನೊಬ್ಬನನ್ನು ಸೋಮವಾರದೊಳಗೆ ಕಚೇರಿಗೆ ಬರಬೇಕೆಂದು ಗದರಿಸಿದ್ದ.

ತಪ್ಪು ಪೂರ್ತಿ ಅವನದೇ. ಅಷ್ಟರಲ್ಲಾಗಲೇ ಅಚ್ಚಿನ ಮನೆಯವರು ಅವನಿಗೆ ಅಲ್ಪವಿರಾಮ ಎಂದು ಹೆಸರಿಟ್ಟಾಗಿತ್ತು. ಕಂಡಕಂಡಲ್ಲಿ ಆ ಚಿಹ್ನೆ ಹಾಕುತ್ತಿದ್ದ ಚಾಳಿಗೆ ಬಂದ ಹೆಸರೋ, ಗಂಟೆಗೊಮ್ಮೆ ಚಹಾಕ್ಕೆಂದು ಏಳುತ್ತಿದ್ದುದಕ್ಕೋ, ಅವನು ವಿಚಾರಿಸಲು ಹೋಗಲಿಲ್ಲ. ಅವನ ಮೇಜಿಗೆ ಒಂದು ಕಾದಂಬರಿಯ ಕಟ್ಟು ಬಂದಿತ್ತು. ಅಚ್ಚಿಗೆ ಹೋಗುವ ಮೊದಲು ಲೇಖಕರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು ಎಂಬುದು ಅಲ್ಲಿಯ ನಿಯಮ. ಕಟ್ಟಿನ ಮೇಲಿದ್ದ ನಂಬರಿಗೆ ಫೋನು ಮಾಡಿದ. ಎತ್ತಿದ್ದು ಒಬ್ಬ ಹೆಂಗಸು. ಲೇಖಕರು ಖುದ್ದಾಗಿ ಬರಬೇಕು, ಸೋಮವಾರವೇ ಕಡೆ ಎಂದ.

“ಸೋಮವಾರಕ್ಕೆ ಆಗಲ್ಲಪ್ಪ.”

“ಮಂಗಳವಾರ?”

“ಮಂಗಳವಾರಾನೂ ಆಗಲ್ಲ.”

ಮೊದಲ ಪುಸ್ತಕಕ್ಕೇ ಇಷ್ಟು ಜಂಬ ಒಳ್ಳೆಯದಲ್ಲ ಎಂದು ಅವನು ಬುದ್ಧಿ ಹೇಳಿದ. ಊರಲ್ಲಿಲ್ಲವೇ ಎಂದು ಕೇಳಿದ. ಇಲ್ಲ, ಹೋಗಿ ಎಂಟು ತಿಂಗಳಾಯಿತು ಎಂದಿತು ಆ ಕಡೆಯ ದನಿ. ಹಾಗಾದರೆ ಅಲ್ಲಿಯ ವಿಳಾಸ ಕೊಡಿ, ಪತ್ರವನ್ನು ಅಲ್ಲಿಗೇ ಕಳಿಸುತ್ತೇನೆ ಎಂದ ಮಹಾನುಭಾವ. ಆಮೇಲೆ ಆಕೆ ನಕ್ಕಳು, ಕೆಮ್ಮು ಬರುವಷ್ಟು ನಕ್ಕಳು.

“ನನ್ನ ತಮ್ಮ ತೀರಿಕೊಂಡಿದಾನೆ ಕಣಪ್ಪ. ಸಹಿ ನಾನು ಹಾಕಿದ್ರೆ ನಡೆಯುತ್ತಾ, ಇಲ್ಲ ಅವನೇ ಬರಬೇಕಾ?”

ಮರುದಿನ ಅಲ್ಪವಿರಾಮ ಮುಖ ಸಣ್ಣದು ಮಾಡಿಕೊಂಡು ಕ್ಷಮೆ ಕೇಳಲು ಹೋದ. ಎರಡು ಬೀದಿ ಹಿಂದೆ, ಮೆಟ್ಟಿಲ ಕೆಳಗಿನ ಉದ್ದನೆಯ ಕೋಣೆ. ಕೋಣೆಯ ತುಂಬ ಮಡಿಸಿದ ಹಾಳೆಗಳ ಒಟ್ಟಿಲು, ಅಂಟಿನ ತಪ್ಪಲೆ, ರಟ್ಟಿನ ಚೂರುಗಳು. ಕಿಟಕಿಯ ಬಳಿ ಎತ್ತರದ ಸ್ಟೂಲಿನ ಮೇಲೆ ಕೂತು, ಮೇಣ ಸವರಿದ ದಾರದಿಂದ ಪುಸ್ತಕ ಹೊಲಿಯುತ್ತಿದ್ದವಳೇ ಆಕೆ. ಆ ಬೀದಿಗೆಲ್ಲ ಸೂಜಿಯಕ್ಕ. ಮೂವತ್ತೊಂದು ವರ್ಷ ಅದೇ ಸ್ಟೂಲಿನ ಮೇಲೆ ಕೂತು ಪುಸ್ತಕಗಳ ಬೆನ್ನು ನೆಟ್ಟಗೆ ಮಾಡುತ್ತ ಮಾಡುತ್ತ ಆಕೆಯ ಬೆನ್ನೇ ಬಾಗಿಹೋಗಿತ್ತು. ಈಗ ಆ ಕೋಣೆಯಲ್ಲಿ ಜೆರಾಕ್ಸ್ ಅಂಗಡಿ ಇದೆ. ಅಲ್ಪವಿರಾಮ ಇವತ್ತಿಗೂ ಆ ದಾರಿಯಲ್ಲಿ ಹೋದರೆ ಅಂಟಿನ ವಾಸನೆ ಬಂದ ಹಾಗೆ ಆಗಿ, ಬೇಡದಿದ್ದರೂ ಒಂದೆರಡು ಜೆರಾಕ್ಸ್ ಮಾಡಿಸಿಕೊಂಡು ಬರುತ್ತಾನೆ.

ಕ್ಷಮೆಗೆ ಆಕೆ ಕೊಟ್ಟ ಶಿಕ್ಷೆ ಒಂದೇ. ಅಚ್ಚಾದ ಹಾಳೆಗಳು ಹೊಲಿಗೆಗೆ ಬಂದಾಗ ಅವನು ಬಂದು ಓದಬೇಕು, ಆಕೆ ಹೊಲಿಯಬೇಕು. ಹೊಲಿಯುವವಳಿಗೆ ಓದಲು ಪುರಸೊತ್ತು ಎಲ್ಲಿ, ತಾನು ಜನ್ಮದಲ್ಲಿ ಒಂದು ಪುಸ್ತಕವನ್ನೂ ಕಣ್ಣಿಂದ ಓದಿದವಳಲ್ಲ, ಎಲ್ಲ ಕಿವಿಯಿಂದಲೇ ಎಂದಳು.

ಆ ಕಿವಿಗೆ ಇಪ್ಪತ್ತು ವರ್ಷ ಓದಿ ಹೇಳಿದವನು ತಮ್ಮ. ಲಾರಿ ತೂಗುವ ಕಟ್ಟೆಯಲ್ಲಿ ಗುಮಾಸ್ತ. ಮದುವೆ ಮಾಡಿಕೊಳ್ಳಲಿಲ್ಲ, ಜಗಳ ಆಡಲಿಲ್ಲ, ಮಧ್ಯಾಹ್ನದ ಪಾಳಿ ಮುಗಿಸಿ ನೇರ ಅಕ್ಕನ ಕೋಣೆಗೆ ಬಂದು, ಹಾಳೆಗಳ ಒಟ್ಟಿಲ ಮೇಲೆ ಕೂತು ತಾನು ಬರೆದದ್ದನ್ನು ಓದುತ್ತಿದ್ದ. ಅಕ್ಕ ಚೆನ್ನಾಗಿದೆ ಎಂದೂ ಹೇಳುತ್ತಿರಲಿಲ್ಲ, ಚೆನ್ನಾಗಿಲ್ಲ ಎಂದೂ ಹೇಳುತ್ತಿರಲಿಲ್ಲ. ಅವನು ಸೂಜಿಯನ್ನು ನೋಡುತ್ತಿದ್ದ. ಓದುವಾಗ ಸೂಜಿ ಎಲ್ಲಿ ನಿಂತಿತೋ ಆ ಭಾಗಕ್ಕೆ ಅಂಚಿನಲ್ಲಿ ಒಂದು ಚುಕ್ಕೆ. ನಿಲ್ಲದ ಭಾಗ ಆ ಸಂಜೆಯೇ ಒಲೆಗೆ. ಮೊದಲ ಮೂರು ವರ್ಷ ಬರೆದದ್ದೆಲ್ಲ ಚಹಾ ಕಾಯಿಸಲು ಆಯಿತಂತೆ.

ಹಾಗೆ ಉಳಿದು ಬಂದ ಕತೆ ‘ನೆರಳು ದಾಟಿಸುವವನು’. ಒಂದು ನಾಡಿನಲ್ಲಿ ಸತ್ತವರ ನೆರಳುಗಳು ಹೊಳೆಯ ಈ ದಡದಲ್ಲಿ ಸಾಲಾಗಿ ನಿಲ್ಲುತ್ತವೆ. ಅಂಬಿಗನೊಬ್ಬ ಅವನ್ನು ಆಚೆ ದಾಟಿಸುತ್ತಾನೆ, ಯಾರ ಮುಖವನ್ನೂ ನೋಡುವುದಿಲ್ಲ. ಒಂದು ಬೆಳಗ್ಗೆ ಸಾಲಿನಲ್ಲಿ ಅವನ ಮಗಳೇ ನಿಂತಿದ್ದಾಳೆ. ಕೊನೆಯ ಅಧ್ಯಾಯವನ್ನು ಆಸ್ಪತ್ರೆಯ ಮಂಚದಲ್ಲಿ ತಮ್ಮ ಬರೆದು ದಿಂಬಿನ ಕೆಳಗೆ ಇಟ್ಟಿದ್ದ. ಅಕ್ಕ ಅದನ್ನು ಬಿಚ್ಚದೆ ಕಟ್ಟಿನ ಜೊತೆ ಅಚ್ಚಿನ ಮನೆಗೆ ಕಳಿಸಿದ್ದಳು.

ಹಾಳೆಗಳು ಹೊಲಿಗೆಗೆ ಬಂದಾಗ ಅಲ್ಪವಿರಾಮ ಆ ಅಧ್ಯಾಯವನ್ನು ಆಕೆಗೆ ಓದಿ ಹೇಳಿದ. ಅಂಬಿಗ ಮಗಳ ಕೈ ಹಿಡಿದು ದೋಣಿಗೆ ಹತ್ತಿಸಿಕೊಳ್ಳುತ್ತಾನೆ, ಆಚೆ ಇಳಿಸುತ್ತಾನೆ, ಖಾಲಿ ದೋಣಿ ತಿರುಗಿಸಿಕೊಂಡು ಬಂದು “ಮುಂದಿನವರು” ಎನ್ನುತ್ತಾನೆ. ಅಲ್ಪವಿರಾಮ ತಲೆ ಎತ್ತಿದಾಗ ಸೂಜಿ ಅರ್ಧ ಹಾಳೆಯಲ್ಲಿ ನಿಂತಿತ್ತು. ಬಹಳ ಹೊತ್ತು ನಿಂತೇ ಇತ್ತು. ಆಮೇಲೆ ಆಕೆ ಹೊಲಿಗೆ ಬಿಚ್ಚಿ ಮತ್ತೆ ಮೊದಲಿನಿಂದ ಹೊಲಿದಳು.

ಪುಸ್ತಕ ಹೊರಬಂದ ಮೇಲೆ ಓದುಗರ ಕಾಗದಗಳು ಬರತೊಡಗಿದವು. ಶನಿವಾರದ ಮಧ್ಯಾಹ್ನ ಅವನ್ನು ಒಯ್ದು ಸೂಜಿಯಕ್ಕನಿಗೆ ಓದಿ ಹೇಳುವುದು ಅವನ ರೂಢಿಯಾಯಿತು. ಸಂಬಳಕ್ಕೆ ಸೇರದ ಆ ಕೆಲಸವನ್ನು ಅವನು ಸಂಬಳದ ಕೆಲಸಕ್ಕಿಂತ ಶ್ರದ್ಧೆಯಿಂದ ಮಾಡಿದ್ದು ಅಚ್ಚಿನ ಮನೆಯ ಯಜಮಾನರಿಗೂ ಗೊತ್ತಿತ್ತು. ಹೊಳೆಯ ಅಗಲ ಮೂರನೆಯ ಅಧ್ಯಾಯದಲ್ಲಿ ಒಂದು, ಹನ್ನೊಂದರಲ್ಲಿ ಇನ್ನೊಂದು ಎಂದು ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಲೆಕ್ಕ ಕೊಟ್ಟಿದ್ದರು. ಒಬ್ಬ ನರ್ಸು ಇಡೀ ವಾರ್ಡಿಗೆ ಓದಿ ಹೇಳಿ, ಮಗಳನ್ನು ವಾಪಸ್ ಕರೆತರಬೇಕಿತ್ತು ಎಂದು ಹದಿನಾಲ್ಕು ರೋಗಿಗಳ ಸಹಿ ಹಾಕಿಸಿ ಕಳಿಸಿದ್ದಳು. ಕೊನೆಯ ಪುಟ ಓದಿದ ಸಿಟ್ಟಿಗೆ ಪುಸ್ತಕವನ್ನು ಗೋಡೆಗೆ ಎಸೆದೆ, ಬೆನ್ನು ಕಿತ್ತುಬಂತು ಎಂದು ಒಬ್ಬ ಬರೆದಿದ್ದ. ಸೂಜಿ ನಿಂತದ್ದು ಆ ಒಂದು ಕಾಗದಕ್ಕೆ.

“ಕಿತ್ತುಬಂತಾ? ನನ್ನ ಹೊಲಿಗೆ? ಯಾವ ಗೋಡೆ ಅಂತೆ ಅದು, ಕೇಳು.”

ಆಮೇಲೊಂದು ಶನಿವಾರ ಒಬ್ಬ ಹೆಡ್‌ಮೇಷ್ಟ್ರ ಕಾಗದ ಬಂತು. ಸಾವು ಹತ್ತಿರ ಬಂದವನು ಹತಾಶೆಯಲ್ಲಿ ಬರೆದ ಕೊನೆ ಇದು. ಹತ್ತಿರದವರು ಯಾರಾದರೂ ಒಂದು ಮಾತು ಹೇಳಿದ್ದರೆ ಆ ಮಗುವನ್ನು ಉಳಿಸುತ್ತಿದ್ದನೇನೋ ಎಂದು ಅದರಲ್ಲಿತ್ತು. ಸೂಜಿಯಕ್ಕ ಅದನ್ನು ಇನ್ನೊಮ್ಮೆ ಓದಿಸಿದಳು. ಆಮೇಲೆ ಎದ್ದು, ಹೇಗೋ ಒಲೆಗೆ ಹೋಗದೆ ಉಳಿದಿದ್ದ ಒಂದು ಹಳೆಯ ನೋಟುಪುಸ್ತಕವನ್ನು ಕಪಾಟಿನಿಂದ ತೆಗೆದು ಕೊಟ್ಟಳು. ಅದರಲ್ಲಿ ಮೊದಲು ತಮ್ಮ ಬರೆದಿದ್ದ ಕೊನೆ ಇತ್ತು. ಅಂಬಿಗ ದೋಣಿಯನ್ನು ನಡುಹೊಳೆಯಲ್ಲೇ ತಿರುಗಿಸಿ ಮಗಳೊಂದಿಗೆ ಮನೆಗೆ ಬರುತ್ತಾನೆ. ಇದನ್ನೂ ಅವನು ನಿಮಗೆ ಓದಿ ಹೇಳಿದ್ದನೇ ಎಂದು ಕೇಳಿದ್ದಕ್ಕೆ ಆಕೆ ಹೂಂ ಎಂದಳು, ಅಷ್ಟೇ.

ಇಷ್ಟು ದೊಡ್ಡ ಗುಟ್ಟನ್ನು ಬೇರೆ ಯಾರಾದರೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಅಲ್ಪವಿರಾಮನ ಬಾಯಿ ಸುಮ್ಮನಿರಲಿಲ್ಲ. ಸೋಮವಾರ ಬೆಳಗ್ಗೆ ಹತ್ತಕ್ಕೆ ಯಜಮಾನರಿಗೆ ಹೇಳಿದ; ಹತ್ತೂವರೆಗೆ ಯಜಮಾನರು ಎರಡನೆಯ ಮುದ್ರಣಕ್ಕೆ ಈ ಕೊನೆಯನ್ನೇ ಹಾಕುವುದೆಂದು ತೀರ್ಮಾನಿಸಿದ್ದರು. ಓದುವವರು ಕೇಳುತ್ತಿದ್ದಾರೆ, ಬರೆದವನೇ ಬರೆದಿಟ್ಟಿದ್ದಾನೆ, ಇನ್ನೇನು ಬೇಕು ಎಂದರು. ಹೊಸ ಒಪ್ಪಿಗೆ ಪತ್ರ ತಯಾರಾಯಿತು. ಅಕ್ಕ ಸಹಿ ಹಾಕಿದರೆ, ಆಸ್ಪತ್ರೆಯ ಮಂಚದಲ್ಲಿ ಕೂತು ತಮ್ಮ ಬರೆದ ಕೊನೆ ಪುಸ್ತಕದಿಂದ ಹೋದಂತೆಯೇ. ಸಹಿ ತರುವ ಕೆಲಸ ಯಾರದು ಎಂದು ಬೇರೆ ಹೇಳಬೇಕಿಲ್ಲ.

ಆ ಶನಿವಾರ ಅವನು ನಾಲ್ಕು ಸಲ ಗಂಟಲು ಸರಿಮಾಡಿಕೊಂಡು ವಿಷಯ ಹೇಳಿದ. ಸೂಜಿಯಕ್ಕ ತಲೆ ಎತ್ತಲಿಲ್ಲ. ಪತ್ರ ಇಸಿದುಕೊಂಡು ಮೇಜಿನ ಮೇಲೆ ಹಾಸಿದಳು.

“ಯಾವಾಗ ಬೇಕಂತೆ?”

“ಸೋಮವಾರದೊಳಗೆ.”

“ನಿಮ್ಮ ಆಫೀಸಲ್ಲಿ ಬೇರೆ ವಾರಾನೇ ಇಲ್ವೇನಪ್ಪ.”

ಅವನು ನಗಲು ನೋಡಿದ, ಆಗಲಿಲ್ಲ. ಆ ನೋಟುಪುಸ್ತಕದ ಪುಟಗಳ ಅಂಚಿನಲ್ಲಿ ಒಂದೂ ಚುಕ್ಕೆ ಇರಲಿಲ್ಲ ಎಂಬುದು ಅವನ ತಲೆಯಲ್ಲಿ ಕೊರೆಯುತ್ತಿತ್ತು. ಕೇಳಬಾರದೆಂದು ಗೊತ್ತಿತ್ತು. ಸತ್ತವನ ವಿಳಾಸ ಕೇಳಿದವನಿಗೆ ಇದೇನು ಮಹಾ.

“ಅಕ್ಕ, ಮಗಳು ಬದುಕೋ ಕೊನೆ ಅವರು ಓದಿದಾಗ ನೀವು ಏನಾದ್ರೂ ಅಂದ್ರಾ? ಚೆನ್ನಾಗಿದೆ ಅಂತ ಒಂದು ಮಾತು ಅಂದಿದ್ರೆ ಅವರು ಅದನ್ನ ಬದಲಾಯಿಸ್ತಿರಲಿಲ್ಲ, ಅಲ್ವಾ?”

ಸೂಜಿಯಕ್ಕ ಹೊಲಿದು ಮುಗಿಸಿದ್ದ ಪುಸ್ತಕವನ್ನು ಒಪ್ಪಿಗೆ ಪತ್ರದ ಮೇಲೆ ನಿಲ್ಲಿಸಿ, ಬ್ರಷ್ಷನ್ನು ತಪ್ಪಲೆಯಲ್ಲಿ ಅದ್ದಿ, ಬೆನ್ನಿಗೆ ನಿಧಾನವಾಗಿ ಅಂಟು ಬಳಿದಳು. ಸಹಿಯ ಗೆರೆಯ ಮೇಲೆ ಅಂಟು ಸೋರಿ ಹರಡಿತು.

“ಅವನು ಓದಿದ, ನಾನು ಹೊಲಿದೆ,” ಎಂದಳು. “ಸೂಜಿ ನಿಲ್ಲಲಿಲ್ಲ. ನಿದ್ದೆ ಬಂತು.”