ನೀಲಾಂಬಿಕಾ ಇಳಿಸಿದ ಹತ್ತೂವರೆ ಕಿಲೋ

ಚನ್ನೇಶನ ಎರಡೂ ಕಿಡ್ನಿ ಕೆಟ್ಟು, ವಾರಕ್ಕೆರಡು ಸಲ ಡಯಾಲಿಸಿಸ್ ಶುರುವಾಗಿ ಒಂದು ವರ್ಷ ಕಳೆದಿತ್ತು. ಚಿಕ್ಕೇರೂರಿನಲ್ಲಿ ಅವನ ಜೊತೆಗಿದ್ದ ಹೆಂಡತಿ ಸವಿತಾಳ ಕಿಡ್ನಿ ಹೊಂದಲಿಲ್ಲ. ಹೊಂದಿದ್ದು ಅಕ್ಕ ನೀಲಾಂಬಿಕಾಳದು. ಶಿಗ್ಗಾಂವದ ಕಾಳಿನ ವ್ಯಾಪಾರಿ ಮಹಾಲಿಂಗಪ್ಪನ ಹೆಂಡತಿ ಆಕೆ. ವಯಸ್ಸು ನಲವತ್ತಾರು, ತೂಕ ಎಂಬತ್ತೊಂಬತ್ತು ಕಿಲೋ.

ಜನವರಿಯಲ್ಲಿ ಹುಬ್ಬಳ್ಳಿಯ ಡಾಕ್ಟರು ಹೇಳಿದರು: "ಎಪ್ಪತ್ತೇಳಕ್ಕ ಬರ್ರಿ, ಆಮ್ಯಾಲೆ ಆಪರೇಶನ್. ತಿಂಗಳಿಗೆ ಎರಡು ಕಿಲೋ ಇಳಿಸಿದ್ರ ಸಾಕು. ಅವಸರ ಬ್ಯಾಡ."

"ಆರು ತಿಂಗಳೇನ್ರಿ? ಅಷ್ಟು ದಿನ ಅಂವ ತಡೀಬೇಕಲ್ರಿ!"

ಆಕೆ ಒಂದೇ ತಿಂಗಳಲ್ಲಿ ಇಳಿಸುವ ಹಟಕ್ಕೆ ಬಿದ್ದಳು. ಬೆಳಿಗ್ಗೆ ನಿಂಬೆನೀರು, ಸಂಜೆ ಒಂದು ಬಟ್ಟಲು ಗಂಜಿ, ಅಷ್ಟೇ. ಮಹಾಲಿಂಗಪ್ಪ ಬೈದರೆ, "ನನ್ನ ತಮ್ಮ ನೀರು ಸೈತ ಅಳದು ಕುಡೀತಾನ. ನಾ ಊಟ ಬಿಟ್ರ ಏನಾತ್ರಿ?" ಅನ್ನುತ್ತಿದ್ದಳು. ಅಂಗಡಿಯಲ್ಲಿ ಚೀಲ ತೂಗುವ ಕಾಟಾದ ಮೇಲೆ ನಿಂತು ನೋಡಿದಾಗ ಮೂರು ವಾರಕ್ಕೆ ಏಳು ಕಿಲೋ ಇಳಿದಿತ್ತು. ಮರುದಿನವೇ ಬಟ್ಟೆ ಒಣಹಾಕುತ್ತಿದ್ದವಳು ಹಿತ್ತಲಲ್ಲಿ ಬಿದ್ದಳು.

ರಕ್ತದ ವರದಿ ನೋಡಿದ ಡಾಕ್ಟರು ಸಿಟ್ಟಾದರು. "ನಿಮ್ಮ ಕಿಡ್ನಿಗೇ ಪೆಟ್ಟು ಬಿದ್ರ ಕೊಡೋದು ಏನನ್ನ? ಮೊದಲು ಹೊಟ್ಟಿ ತುಂಬ ಉಣ್ರಿ."

ಎರಡು ತಿಂಗಳು ಸುಧಾರಿಸಿಕೊಳ್ಳುವುದರಲ್ಲೇ ಹೋಯಿತು. ತೂಕ ಮತ್ತೆ ಎಂಬತ್ತೆಂಟಕ್ಕೆ ಬಂತು.

ಮಾರ್ಚ್ ಕೊನೆಯಿಂದ ಆಕೆ ಡಾಕ್ಟರು ಹೇಳಿದಂತೆ ಕೇಳಿದಳು. ಎರಡು ರೊಟ್ಟಿ, ತಾಟಿನ ಅರ್ಧ ಪಲ್ಯ, ಒಂದು ಬಟ್ಟಲು ಮಜ್ಜಿಗೆ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾಹಿಂಡಿ ವಾರಕ್ಕೊಮ್ಮೆ. ಬೆಳಿಗ್ಗೆ ಕಾಲೇಜಿನ ಮೈದಾನದಲ್ಲಿ ನಲವತ್ತು ನಿಮಿಷ ನಡಿಗೆ. ಮೊದಲ ವಾರ ಮೊಣಕಾಲು ಬಾತು, ಗೋಡೆ ಹಿಡಿದು ಏಳಬೇಕಾಯಿತು. ನಡಿಗೆ ಬಿಡಲಿಲ್ಲ.

ಭಾನುವಾರ ಚನ್ನೇಶ ಫೋನ್ ಮಾಡುತ್ತಿದ್ದ. "ಅಕ್ಕಾ, ಕಾಟಾ ಏನಂತು? ನನ್ನ ಸಲುವಾಗಿ ನೀ ರೊಟ್ಟಿ ಕಡಿಮಿ ಮಾಡೀದಿ ಅಂತ ಊರೆಲ್ಲಾ ಹೇಳೇನಿ!"

ಮೇ ತಿಂಗಳಲ್ಲಿ ಇಳಿದದ್ದು ಒಂದೇ ಕಿಲೋ. "ಎರಡು," ಎಂದಳು. ಆ ಸುಳ್ಳನ್ನು ನಿಜ ಮಾಡಲು ಜೂನಿನಲ್ಲಿ ಸಂಜೆಯೂ ನಡೆದಳು.

ಆಗಸ್ಟ್ ಎರಡನೆಯ ವಾರ ಕಾಟಾ ಎಪ್ಪತ್ತೆಂಟೂವರೆ ತೋರಿಸಿತು. ಇನ್ನು ಒಂದೂವರೆ ಕಿಲೋ. ಡಾಕ್ಟರು ಸೆಪ್ಟೆಂಬರಿನಲ್ಲಿ ಕೊನೆಯ ಪರೀಕ್ಷೆ ಎಂದಿದ್ದರು. ಅದೇ ವಾರ ಚನ್ನೇಶನಿಗೆ ಚಳಿಜ್ವರ ಬಂತು. ನಂಜು ರಕ್ತಕ್ಕೇರಿತ್ತು. ಮೂರು ದಿನ ಐಸಿಯುದಲ್ಲಿದ್ದು ತೀರಿಕೊಂಡ.

ಮಣ್ಣು ಮಾಡಿದ ಮೂರನೆಯ ದಿನ ಸವಿತಾ ಆಕೆಯ ಮುಂದೆ ತಾಟು ಇಟ್ಟಳು. ತಲೆ ಎತ್ತದೆ, "ಅವಸರ ಮಾಡಬಾರದಿತ್ರಿ ಅಕ್ಕಾರ," ಎಂದಳು.

ನೀಲಾಂಬಿಕಾ ಆ ಲೆಕ್ಕವನ್ನು ಆಸ್ಪತ್ರೆಯ ಬೆಂಚಿನ ಮೇಲೆಯೇ ಹಾಕಿ ಮುಗಿಸಿದ್ದಳು. ಜನವರಿಯಿಂದಲೇ ತಿಂಗಳಿಗೆ ಎರಡರಂತೆ ಇಳಿಸಿದ್ದರೆ ಜುಲೈಗೆ ಎಪ್ಪತ್ತೇಳು. ತಾಟಿನಲ್ಲಿದ್ದುದನ್ನೆಲ್ಲ ಉಂಡಳು.

ಆಮೇಲೆ ಮೈದಾನದ ಕಡೆ ಹೋಗಲಿಲ್ಲ. "ನಿನ್ನ ಸಲುವಾಗಿ ಆದ್ರೂ ನಾಕು ಹೆಜ್ಜಿ ನಡೀ," ಎಂದು ಮಹಾಲಿಂಗಪ್ಪ ಹೇಳಿದರೆ, "ನನಗೇನಾಗೈತ್ರಿ?" ಅನ್ನುತ್ತಾಳೆ. ಯುಗಾದಿ ಹೊತ್ತಿಗೆ ಎಂಬತ್ತೈದಾಗಿತ್ತು. ಸವಿತಾ ಆಗಾಗ ಫೋನ್ ಮಾಡುತ್ತಾಳೆ. ಇಬ್ಬರೂ ಚನ್ನೇಶನ ಮಗಳ ಶಾಲೆಯ ಬಗ್ಗೆ, ಮಳೆಯ ಬಗ್ಗೆ ಮಾತಾಡುತ್ತಾರೆ.